ಬರಿಗಾಲಿಗೆ ತಕ್ಕ ನೆಲ

(ಹಾಸನದಲ್ಲಿ ನೃತ್ಯ ಕಲಿಯುವ ಮಕ್ಕಳು, ಅವರ ಪೋಷಕರು ಮತ್ತು ಕಾರ್ಯಕ್ರಮ ನಡೆಸುವವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮಗುವನ್ನು ಭರತನಾಟ್ಯದ ತರಗತಿಗೆ ಸೇರಿಸಿದ ದಿನವೇ ಕಿವಿಗೆ ಬೀಳುವ ಮಾತು: ಚಪ್ಪಲಿ ಹೊರಗೆ ಬಿಡಮ್ಮ. ಯಾಕೆ ಅಂದರೆ ‘ಸಂಪ್ರದಾಯ’ ಅನ್ನುತ್ತಾರೆ. ಆ ಉತ್ತರ ತಪ್ಪಲ್ಲ, ಆದರೆ ಸಾಲದು. ಚಪ್ಪಲಿ ಬಿಡುವುದರ ಹಿಂದೆ ಕುಣಿಯುವ ಕಾಲಿನ ಅಗತ್ಯವೂ ಇದೆ, ನೆಲದ ಮೇಲಿನ ಗೌರವವೂ ಇದೆ. ಗೌರವದ ಭಾಗವನ್ನು ನಾವು ಪೂರ್ತಿಯಾಗಿ ಕುಣಿಯುವವರ ತಲೆಗೇ ಕಟ್ಟಿಬಿಟ್ಟಿದ್ದೇವೆ. ಚಪ್ಪಲಿ ಬಿಡು ಎಂದು ಹೇಳುವವರಿಗೆ ಆ ನೆಲವನ್ನು ಗುಡಿಸಿ ಒರೆಸಿ ಕೊಡುವ ಹೊಣೆಯೂ ಇದೆ. ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಮೊದಲು ಕಾಲಿನ ವಿಷಯ. ಅರೆಮಂಡಿಯಲ್ಲಿ, ಅಂದರೆ ಮಂಡಿ ಅರ್ಧ ಮಡಿಸಿ ಕೂತು, ತಟ್ಟಡವು ಎಂಬ ಮೊದಲ ಹೆಜ್ಜೆಪಾಠ ಹಾಕುವಾಗ ಹಿಮ್ಮಡಿ ಹಿಂದಕ್ಕೆ ಮೇಲೆದ್ದು, ಅಂಗಾಲು ಪೂರ್ತಿಯಾಗಿ ಒಂದೇ ಏಟಿಗೆ ನೆಲಕ್ಕೆ ಬೀಳಬೇಕು. ಹಿಮ್ಮಡಿ ಮೊದಲು ಬಿದ್ದರೆ ಮಂದವಾದ ‘ಧಪ್’ ಸದ್ದು ಬರುತ್ತದೆ, ಪೆಟ್ಟು ಮಂಡಿ ದಾಟಿ ಸೊಂಟದವರೆಗೂ ಏರುತ್ತದೆ. ಮುಂಗಾಲು ಮೊದಲು ಬಿದ್ದರೆ ಸದ್ದು ಎರಡಾಗಿ ಒಡೆಯುತ್ತದೆ, ತಾಳ ಕಲಸಿಹೋಗುತ್ತದೆ. ನಾಟ್ಟಡವು ಎಂಬ ಹೆಜ್ಜೆಯಲ್ಲಿ ಹಿಮ್ಮಡಿ ಊರಿ ಬೆರಳುಗಳನ್ನು ಮೇಲಕ್ಕೆತ್ತಬೇಕು. ಕುದಿತ್ತುಮೆಟ್ಟಡವಿನಲ್ಲಿ ಮುಂಗಾಲ ಮೇಲೆ ಪುಟಿದು, ಆಮೇಲೆ ಹಿಮ್ಮಡಿ ಮೆಟ್ಟಬೇಕು. ಈ ಮೂರರ ವ್ಯತ್ಯಾಸ ಇರುವುದೇ ಅಂಗಾಲಿನ ಯಾವ ಭಾಗ ಯಾವಾಗ ನೆಲ ಮುಟ್ಟುತ್ತದೆ ಎಂಬುದರಲ್ಲಿ. ನಡುವೆ ಒಂದು ಅಟ್ಟೆ ಬಂದರೆ ಮೂರೂ ಒಂದೇ ಥರ ಕೇಳಿಸುತ್ತವೆ. ನೃತ್ಯದ ಹಳೆಯ ಸಂಸ್ಕೃತ ಗ್ರಂಥ, ನಂದಿಕೇಶ್ವರನ ಅಭಿನಯದರ್ಪಣ, ಪಾದಭೇದಗಳನ್ನು ಮಂಡಲ 10, ಉತ್ಪ್ಲವನ 5, ಭ್ರಮರಿ 7, ಚಾರಿ 8 ಎಂದು ಎಣಿಸುತ್ತದೆ. ನಿಲ್ಲುವುದು, ಹಾರುವುದು, ಸುತ್ತುವುದು, ನಡೆಯುವುದು, ಎಲ್ಲವೂ ಬರಿಯ ಪಾದದ ಲೆಕ್ಕವೇ.

ಭ್ರಮರಿ ತೆಗೆದುಕೊಳ್ಳಿ. ತಿರುಗುವಾಗ ಕಾಲು ಸ್ವಲ್ಪ ಜಾರಬೇಕು, ನಿಲ್ಲುವಾಗ ಗಟ್ಟಿಯಾಗಿ ಹಿಡಿಯಬೇಕು. ತುಸುವೇ ಬೆವರಿದ ಬರಿಗಾಲು ಎರಡನ್ನೂ ಮಾಡುತ್ತದೆ. ರಬ್ಬರ್ ಅಟ್ಟೆ ಹಿಡಿಯುತ್ತದೆ, ಜಾರುವುದಿಲ್ಲ; ಆಗ ಪಾದ ನಿಂತಲ್ಲೇ ನಿಂತು ಮಂಡಿ ತಿರುಚಿಕೊಳ್ಳುತ್ತದೆ. ಸಾಕ್ಸ್ ಇದಕ್ಕೆ ತದ್ವಿರುದ್ಧ. ಡಿಸೆಂಬರ್ ಚಳಿಗೆ ಮಕ್ಕಳಿಗೆ ಸಾಕ್ಸ್ ಹಾಕಿಯೇ ಅಭ್ಯಾಸಕ್ಕೆ ನಿಲ್ಲಿಸುವ ಅಮ್ಮಂದಿರು ಇದ್ದಾರೆ. ನಮ್ಮ ಮನೆಗಳ ರೆಡ್ ಆಕ್ಸೈಡ್ ನೆಲದ ಮೇಲೆ ಅದಕ್ಕಿಂತ ಅಪಾಯ ಬೇರೆ ಇಲ್ಲ. ಚಳಿಯಿದ್ದರೆ ಹತ್ತು ನಿಮಿಷ ಹೆಚ್ಚು ವಾರ್ಮ್ ಅಪ್ ಮಾಡಿಸಿ, ಆಮೇಲೆ ಸಾಕ್ಸ್ ಬಿಚ್ಚಿಸಿ.

ಇನ್ನು ಭೂಮಿ ನಮಸ್ಕಾರ. ‘ಸಮುದ್ರವಸನೇ ದೇವಿ’ ಶ್ಲೋಕ ಹೆಚ್ಚಿನವರಿಗೆ ಬಾಯಿಪಾಠ. ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಡುವ ಮುಂಚೆ ಹೇಳುವುದೂ ಅದನ್ನೇ. ಪಾದಸ್ಪರ್ಶವನ್ನು ಕ್ಷಮಿಸು ಎಂದು ಭೂಮಿಯನ್ನು ಕೇಳಿಕೊಳ್ಳುವುದು. ಗುರುವಿನಿಂದ ಗುರುವಿಗೆ ಕ್ರಮ ಒಂದಿಷ್ಟು ಬದಲಾಗುತ್ತದೆ, ಮುಖ್ಯ ಮೆಟ್ಟಿಲುಗಳು ಇವು: ಸಮಪಾದದಲ್ಲಿ (ಎರಡೂ ಪಾದ ಜೋಡಿಸಿ) ನಿಂತು, ಕೈಗಳನ್ನು ಎದೆಯ ಮುಂದೆ ತಂದು, ಬಲಗಾಲು ಎಡಗಾಲು ಒಂದೊಂದು ಸಲ ತಟ್ಟಿ, ಪೂರ್ಣಮಂಡಿಗೆ (ಮಂಡಿ ಪೂರ್ತಿ ಮಡಿಸಿ) ಇಳಿದು, ಎರಡೂ ಕೈಯಿಂದ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಎದ್ದು ಕೈಮುಗಿಯುವುದು. ದೇವರಿಗೆ ತಲೆಯ ಮೇಲೆ, ಗುರುವಿಗೆ ಮುಖದ ಮುಂದೆ, ಸಭೆಗೆ ಎದೆಯ ಹತ್ತಿರ. ಕೆಡುವುದು ಎಲ್ಲಿ ಅಂದರೆ ಅವಸರದಲ್ಲಿ. ಮಕ್ಕಳು ಬೆರಳ ತುದಿಯನ್ನು ನೆಲದ ಕಡೆ ತೋರಿಸಿ, ಮುಟ್ಟುವ ಮುಂಚೆಯೇ ಎದ್ದುಬಿಡುತ್ತಾರೆ. ಕಣ್ಣು ಪ್ರೇಕ್ಷಕರ ಸಾಲಿನಲ್ಲಿ ಕೂತ ಅಜ್ಜಿಯ ಮೇಲಿರುತ್ತದೆ. ಇಳಿಯಲು ತಾಳದ ನಾಲ್ಕು ಎಣಿಕೆ, ಮುಟ್ಟಲು ನಾಲ್ಕು, ಏಳಲು ನಾಲ್ಕು ಎಂದು ಎಣಿಸಿ ಅಭ್ಯಾಸ ಮಾಡಿಸಿದರೆ ಇದು ಸರಿಹೋಗುತ್ತದೆ. ನೋಟ ಕೈಯ ಜೊತೆಗೇ ನೆಲಕ್ಕೆ ಇಳಿಯಬೇಕು.

ನಮ್ಮ ಜಿಲ್ಲೆಯಲ್ಲಿ ಕೂತು ಈ ಮಾತಾಡುವಾಗ ಬೇಲೂರು, ಹಳೇಬೀಡನ್ನು ಬಿಡುವುದಕ್ಕೆ ಆಗುವುದಿಲ್ಲ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ಸೂರಿನ ಕೆಳಗೆ ನಿಂತು ಮದನಿಕೆಯರನ್ನು, ಅಂದರೆ ಅಲ್ಲಿನ ಸುಂದರಿಯರ ಶಿಲ್ಪಗಳನ್ನು, ನೋಡುವಾಗ ಎಲ್ಲರ ಕಣ್ಣೂ ಮುಖ, ಕೈ, ಒಡವೆಯ ಕಡೆಗೇ ಹೋಗುತ್ತದೆ. ಮುಂದಿನ ಸಲ ಕಾಲು ನೋಡಿ. ಕುಣಿಯುವವರ ಕಣಕಾಲಿನಲ್ಲಿ ಕಡಗ ಇದೆ, ಬಳೆಯಿದೆ, ಕೆಳಗೆ ಪಾದ ಬರಿದು. ಹಳೇಬೀಡಿನ ಹೊರಗೋಡೆಯ ಭೈರವನ ಕಾಲಲ್ಲಿ ಮಾತ್ರ ಎತ್ತರದ ಪಾದುಕೆ ಕಾಣುತ್ತದೆ. ಶಿಲ್ಪಿಗಳಿಗೆ ಪಾದುಕೆ ಗೊತ್ತಿರಲಿಲ್ಲವೆಂದಲ್ಲ, ಯಾರಿಗೆ ಹಾಕಬೇಕು ಅನ್ನುವುದು ಗೊತ್ತಿತ್ತು. ಶಿವನ ಮೂರ್ತಿಗಳಲ್ಲೇ ಈ ಭೇದವಿದೆ. ಊರೂರು ಅಲೆಯುವ ಭಿಕ್ಷಾಟನನಿಗೆ ಮರದ ಪಾದುಕೆ. ಕುಣಿಯುವ ನಟರಾಜನಿಗೆ ಬರಿಗಾಲು. ದಾರಿಗೆ ಪಾದುಕೆ ಬೇಕು, ರಂಗಕ್ಕೆ ಬೇಡ.

ಇದು ಅಭಿನಯಕ್ಕೂ ಕೆಲಸಕ್ಕೆ ಬರುತ್ತದೆ. ಬರಿಗಾಲಲ್ಲಿ ನಿಂತು ಪಾದುಕೆ ಹಾಕಿದವನನ್ನು ತೋರಿಸುವುದು ಹೇಗೆ? ಮರದ ಹಾವುಗೆಗೆ ಪಟ್ಟಿ ಇರುವುದಿಲ್ಲ, ಹೆಬ್ಬೆರಳು ಮತ್ತು ಪಕ್ಕದ ಬೆರಳ ನಡುವೆ ಒಂದು ಗುಬುಟು ಮಾತ್ರ. ಮರ ಬಾಗುವುದಿಲ್ಲವಾದ್ದರಿಂದ ಪಾದವೂ ಬಾಗುವಂತಿಲ್ಲ. ಕಾಲು ಮಟ್ಟಸವಾಗಿ ಮೇಲೇಳುತ್ತದೆ, ಮಂಡಿ ಹೆಚ್ಚು ಎತ್ತರಕ್ಕೆ ಬರುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ, ಹೆಬ್ಬೆರಳು ಬಿಗಿಯಾಗಿರುತ್ತದೆ. ಭಿಕ್ಷಾಟನನ ಪಾತ್ರದಲ್ಲಿ ಈ ನಾಲ್ಕನ್ನು ಕಾಲಿಗೆ ತಂದುಕೊಂಡರೆ ಕೈಯಿಂದ ಪಾದುಕೆ ತೋರಿಸುವ ಕೆಲಸವೇ ಉಳಿಯುವುದಿಲ್ಲ.

ಪಾದುಕಾ ಪಟ್ಟಾಭಿಷೇಕ ಇನ್ನೊಂದು ಸಂದರ್ಭ. ಭರತ ಅಣ್ಣನ ಪಾದುಕೆಯನ್ನು ಎರಡೂ ಅಂಗೈ ಮೇಲ್ಮುಖವಾಗಿ ಹಿಡಿದು ತೆಗೆದುಕೊಳ್ಳಬೇಕು. ಎಡಗೈ ಒಂದರಲ್ಲೇ ಹಿಡಿದರೆ ಅದು ಚಪ್ಪಲಿ ಸ್ಟ್ಯಾಂಡಿನಿಂದ ಎತ್ತಿಕೊಂಡ ಹಾಗೆ ಕಾಣುತ್ತದೆ. ತಲೆಯ ಮೇಲಿಟ್ಟ ಮೇಲೆ ಕತ್ತು ಅಲ್ಲಾಡಬಾರದು, ನಡಿಗೆ ಜಾರುವಂತಿರಬೇಕು. ಸಿಂಹಾಸನದ ಮೇಲೆ ಇಟ್ಟಾದ ನಂತರವೇ ನಿಜವಾದ ತಪ್ಪು ನಡೆಯುವುದು. ಸಿಂಹಾಸನ ಇದೆ ಎಂದು ತೋರಿಸಿದ ಜಾಗದ ಮೇಲೆಯೇ ಹುಡುಗಿ ಮುಂದಿನ ಜತಿಯಲ್ಲಿ (ಸೊಲ್ಲುಗಳಿಗೆ ಹೆಜ್ಜೆ ಹಾಕುವ ಭಾಗದಲ್ಲಿ) ತಟ್ಟಿಕೊಂಡು ಹೋಗುತ್ತಾಳೆ! ಪಾದುಕೆ ಇಟ್ಟ ಜಾಗಕ್ಕೆ ಅಭ್ಯಾಸದ ವೇಳೆ ಸೀಮೆಸುಣ್ಣದಲ್ಲಿ ಗುರುತು ಮಾಡಿ, ಆ ನೃತ್ಯಬಂಧ ಮುಗಿಯುವವರೆಗೂ ಅದನ್ನು ತುಳಿಯದೆ ಕುಣಿಯುವುದನ್ನು ಕಲಿಸಬೇಕು. ಶೃಂಗೇರಿಯಲ್ಲಿ ಗುರುಪಾದುಕೆಗೆ ಸಲ್ಲುವ ಪೂಜೆಯನ್ನು ಒಮ್ಮೆ ಹತ್ತಿರದಿಂದ ನೋಡಿದ ಮಕ್ಕಳಿಗೆ ಇದನ್ನು ಎರಡನೇ ಸಲ ಹೇಳಬೇಕಾಗಿಲ್ಲ.

ಗೆಜ್ಜೆಗೆ ಬರೋಣ. ಅಭಿನಯದರ್ಪಣ ಹೇಳುವುದು: ಕಿಂಕಿಣಿ (ಗೆಜ್ಜೆ) ಕಂಚಿನದಾಗಿರಬೇಕು, ನಾದ ಚೆನ್ನಾಗಿರಬೇಕು, ನೀಲಿ ದಾರದಲ್ಲಿ ಗಂಟು ಹಾಕಿ ಬಿಗಿಯಾಗಿ ಪೋಣಿಸಬೇಕು, ನೂರು ಅಥವಾ ಇನ್ನೂರು ಇರಬೇಕು. ಕಥಕ್‌ನವರು ಇವತ್ತಿಗೂ ದಾರದಲ್ಲಿ ಪೋಣಿಸಿದ್ದನ್ನೇ ಸುತ್ತಿಕೊಳ್ಳುತ್ತಾರೆ. ಭರತನಾಟ್ಯದಲ್ಲಿ ಚರ್ಮದ ಪಟ್ಟಿಗೆ ಮೂರರಿಂದ ಐದು ಸಾಲು ಗೆಜ್ಜೆ ಹೊಲಿದದ್ದು ರೂಢಿ, ಚಿಕ್ಕ ಮಕ್ಕಳಿಗೆ ಬಟ್ಟೆಯ ಪಟ್ಟಿ. ಕಟ್ಟುವಾಗ ಚಾಪೆಯ ಮೇಲೆ ಕೂತು, ಕಣಕಾಲಿನ ಗೆಣ್ಣಿಗಿಂತ ಎರಡು ಬೆರಳು ಮೇಲೆ ಕಟ್ಟಬೇಕು. ಗೆಣ್ಣಿನ ಮೇಲೇ ಕೂತರೆ ಅರ್ಧ ಗಂಟೆಯಲ್ಲಿ ಸಿಪ್ಪೆ ಸುಲಿಯುತ್ತದೆ. ಬಿಗಿಯಾದರೆ ಪಾದ ಜುಮುಗುಟ್ಟುತ್ತದೆ. ಸಡಿಲವಾದರೆ ಪಟ್ಟಿ ಸುತ್ತಿ, ಕಾಲು ಬಿದ್ದ ಮೇಲೆ ಒಂದು ಕ್ಷಣ ತಡವಾಗಿ ಸದ್ದು ಬರುತ್ತದೆ. ಒಳಗೆ ತೆಳ್ಳಗಿನ ಹತ್ತಿಬಟ್ಟೆ ಸುತ್ತಿ, ಪಟ್ಟಿಗೂ ಕಾಲಿಗೂ ನಡುವೆ ಕಿರುಬೆರಳು ಕಷ್ಟದಲ್ಲಿ ತೂರುವಷ್ಟು ಜಾಗ ಬಿಟ್ಟರೆ ಸರಿ.

ಗೆಜ್ಜೆಗೆ ಸಲ್ಲುವ ಗೌರವ ನಿಮಗೆ ತಿಳಿದದ್ದೇ. ಗೆಜ್ಜೆಪೂಜೆಯ ದಿನ ಅರಿಸಿನ ಕುಂಕುಮ ಹಚ್ಚಿ, ಗುರುವಿನ ಕೈಯಿಂದ ಪಡೆದು ಕಣ್ಣಿಗೊತ್ತಿಕೊಳ್ಳುತ್ತಾರೆ. ಗೆಜ್ಜೆಯನ್ನು ದಾಟುವುದಿಲ್ಲ, ಚಪ್ಪಲಿಯ ಪಕ್ಕ ಇಡುವುದಿಲ್ಲ, ಕಟ್ಟಿಕೊಂಡು ಶೌಚಕ್ಕೆ ಹೋಗುವುದಿಲ್ಲ, ಗೆಜ್ಜೆ ಕಾಲಿಗೆ ಚಪ್ಪಲಿ ಮೆಟ್ಟುವುದಿಲ್ಲ. ಕೊನೆಯದೇ ಕಾರ್ಯಕ್ರಮದ ದಿನ ತೊಡಕಾಗುವುದು. ಗ್ರೀನ್ ರೂಮ್ ಒಂದು ಕಡೆ, ವೇದಿಕೆ ಇನ್ನೊಂದು ಕಡೆ, ನಡುವೆ ಜಲ್ಲಿಕಲ್ಲಿನ ಅಂಗಳ. ಹಾಗಿದ್ದರೆ ಗೆಜ್ಜೆಯನ್ನು ಬಟ್ಟೆ ಚೀಲದಲ್ಲಿ ತಂದು, ಸೈಡ್ ವಿಂಗ್‌ನಲ್ಲಿ ಹಾಸಿದ ಚಾಪೆಯ ಮೇಲೆ ಕಟ್ಟಿಕೊಳ್ಳಿ. ಅಲ್ಲಿಯವರೆಗೆ ಚಪ್ಪಲಿ ಹಾಕಿ ಬರುವುದರಲ್ಲಿ ಯಾವ ಅಗೌರವವೂ ಇಲ್ಲ. ಹಾಕದೆ ಬಂದರೆ ಅಂಗಳದ ಮಣ್ಣನ್ನೆಲ್ಲ ವೇದಿಕೆಗೆ ತಂದ ಹಾಗಾಗುತ್ತದೆ. ಅಲ್ತಾ (ಕಾಲಿಗೆ ಹಚ್ಚುವ ಕೆಂಪು ಬಣ್ಣ) ಹಚ್ಚಿದ ದಿನ ಹವಾಯಿ ಚಪ್ಪಲಿ ಬೇಡ. ಒಣಗುವ ಮೊದಲೇ ಕಾಲು ತೂರಿಸಿದರೆ ಬೆರಳ ಸಂದಿನಿಂದ ಹಿಂದಕ್ಕೆ ಎರಡು ಬಿಳಿ ಗೆರೆ ಎದ್ದು, ಮೊದಲ ಸಾಲಿನವರಿಗೆಲ್ಲ ಕಾಣುತ್ತದೆ. ಅಲ್ತಾ ಅಂಗಾಲಿಗೆ ಬೇಡ, ಪಾದದ ಅಂಚಿಗೆ ಮತ್ತು ಮೇಲ್ಭಾಗಕ್ಕೆ ಸಾಕು. ಹಸಿ ಅಲ್ತಾ ಜಾರುತ್ತದೆ, ನೆಲಕ್ಕೂ ಕಲೆ.

ಮಲೆನಾಡಿನ ಅಂಚಿನಲ್ಲಿರುವ ನಮಗೆ ಮಳೆಗಾಲದ ತಾಪತ್ರಯ ಬೇರೆ. ಸಕಲೇಶಪುರ, ಮೂಡಿಗೆರೆ ಕಡೆ ಜೂನ್ ಬಂದರೆ ಚರ್ಮದ ಪಟ್ಟಿಗೆ ಬಿಳಿ ಬೂಷ್ಟು ಹಿಡಿಯುತ್ತದೆ. ಬೆವರು ಆರುವ ಮೊದಲೇ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡುವುದೇ ಇದಕ್ಕೆ ಕಾರಣ. ಒಣಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಆರಿಸಿ, ಚರ್ಮಕ್ಕೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಸವರಿ, ಬಟ್ಟೆ ಚೀಲದಲ್ಲಿಡಿ. ಬಿಸಿಲಿಗೆ ಹಾಕಿದರೆ ಚರ್ಮ ಸೀಳುತ್ತದೆ, ಹೊಲಿಗೆ ಬಿಟ್ಟುಕೊಳ್ಳುತ್ತದೆ. ಹೊಲಿಗೆ ಬಿಟ್ಟ ಒಂದು ಗೆಜ್ಜೆ ವೇದಿಕೆಯ ಮೇಲೆ ಉದುರಿದರೆ, ಅದರ ಸೀಳು ಬಾಯಿ ಮುಂದಿನವರ ಅಂಗಾಲನ್ನು ಕೊಯ್ಯುತ್ತದೆ. ಕಾರ್ಯಕ್ರಮದ ಹಿಂದಿನ ದಿನ ಒಂದೊಂದು ಗೆಜ್ಜೆಯನ್ನೂ ಹಿಡಿದೆಳೆದು ನೋಡಿ. ಅಲ್ಲಾಡುವುದನ್ನು ದಪ್ಪ ದಾರದಲ್ಲಿ ಮತ್ತೆ ಹೊಲಿಯಿರಿ.

ಚರ್ಮದ ಮಾತು ಬಂದದ್ದರಿಂದ ಒಂದು ವಿಷಯವನ್ನು ದಾಟಿಹೋಗುವಂತಿಲ್ಲ. ಕಾಲಿಗೆ ಹಾಕಿದ ಚರ್ಮ ಮೈಲಿಗೆ, ಗೆಜ್ಜೆಯ ಚರ್ಮಕ್ಕೆ ಪೂಜೆ, ಮೃದಂಗದ ಚರ್ಮಕ್ಕೆ ನಮಸ್ಕಾರ. ಆದರೆ ಆ ಚರ್ಮ ಹದ ಮಾಡಿದವರನ್ನು ಗುಡಿಯ ಬಾಗಿಲಾಚೆ ನಿಲ್ಲಿಸಿದ್ದು ಇದೇ ಸಮಾಜ. ಮೇಲ್ಜಾತಿಯವರ ಬೀದಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕು ಎಂದು ಮನುಷ್ಯರನ್ನು ಬಲವಂತ ಮಾಡಿದ ಕಟ್ಟಳೆಗೂ ‘ಗೌರವ’ ಎಂದೇ ಹೆಸರಿತ್ತು. ರಂಗದ ಮೇಲೆ ತಾನಾಗಿ ಚಪ್ಪಲಿ ಬಿಡುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಇದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು. ಕನ್ನಡದ ನೆನಪಿನಲ್ಲಿ ಬೇರೊಂದು ದಾರಿಯೂ ಇದೆ. ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಲ್ಲಿ ಮಾಡಿಕೊಟ್ಟ ಚಮ್ಮಾವುಗೆಯನ್ನು ಬಸವಣ್ಣ ಕಾಲಿಗೆ ಮೆಟ್ಟದೆ ತಲೆಯ ಮೇಲಿಟ್ಟುಕೊಂಡ ಕಥೆ ನಿಮಗೆ ಗೊತ್ತಿದೆ. ಭರತನ ಪಾದುಕೆಯ ಅಭಿನಯ ಕಲಿಸುವವರು ಹರಳಯ್ಯನದನ್ನೂ ಕಲಿಸಬಹುದಲ್ಲವೇ?

ಈಗ ಸಂಘಟಕರ ಸರದಿ. ಹಾಸನಾಂಬ ಕಲಾಕ್ಷೇತ್ರವಾಗಲಿ, ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರವಾಗಲಿ, ಗಣಪತಿ ಪೆಂಡಾಲಾಗಲಿ, ನಡೆಯುವ ಕ್ರಮ ಸಾಮಾನ್ಯವಾಗಿ ಒಂದೇ. ಮೊದಲು ಉದ್ಘಾಟನೆ. ಎಂಟು ಹತ್ತು ಜನ ಅತಿಥಿಗಳು ಬೂಟು ಹಾಕಿಕೊಂಡೇ ವೇದಿಕೆ ಹತ್ತುತ್ತಾರೆ, ದೀಪ ಹಚ್ಚುವಾಗ ಮಾತ್ರ ಒಬ್ಬಿಬ್ಬರು ಬಿಚ್ಚುತ್ತಾರೆ. ದೀಪದ ಕಂಬದಿಂದ ಎಣ್ಣೆ ತೊಟ್ಟಿಕ್ಕುತ್ತದೆ. ಹಾರದ ಎಸಳು, ಶಾಲಿನ ಪಿನ್ನು, ಫಲಕದ ಪ್ಯಾಕಿಂಗ್ ತುಣುಕು ಉದುರುತ್ತವೆ. ಕುರ್ಚಿ ಎಳೆದು ಐದು ನಿಮಿಷಕ್ಕೆ ಗಣೇಶಸ್ತುತಿ ಶುರು. ಈಗಷ್ಟೇ ಬೂಟುಗಳು ಓಡಾಡಿದ ಹಲಗೆಯನ್ನು ಹನ್ನೆರಡು ವರ್ಷದ ಹುಡುಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾಳೆ. ಹಿಂದೆ ನಿಂತ ನಿರೂಪಕರು ‘ನೃತ್ಯದಲ್ಲಿ ಭೂಮಿಗೆ ಸಲ್ಲುವ ಗೌರವ’ದ ಬಗ್ಗೆ ಮೈಕಿನಲ್ಲಿ ಹೇಳುತ್ತಿರುತ್ತಾರೆ.

ಅತಿಥಿಗಳ ಬೂಟು ಬಿಚ್ಚಿಸುವುದು ಕಷ್ಟವೆನ್ನಿಸಿದರೆ ಸಭಾ ಕಾರ್ಯಕ್ರಮವನ್ನು ವೇದಿಕೆಯ ಕೆಳಗೆ ಮಾಡಿ. ಅದೂ ಆಗದಿದ್ದರೆ ನೃತ್ಯವನ್ನು ಮೊದಲು ಇಟ್ಟು, ಭಾಷಣ ಆಮೇಲೆ ಇಡಿ. ಜನ ಉಳಿಯುವುದಿಲ್ಲ ಎನ್ನುವಿರಾದರೆ ಅದು ಭಾಷಣದ ಸಮಸ್ಯೆ. ಯಾವುದೂ ಸಾಧ್ಯವಿಲ್ಲ ಎಂದಾದರೆ ಅತಿಥಿಗಳು ನಡೆಯುವಷ್ಟಕ್ಕೆ ಜಮಖಾನ ಹಾಸಿ, ಸಭೆ ಮುಗಿದೊಡನೆ ಒಳಮುಖವಾಗಿ ಸುರುಳಿ ಸುತ್ತಿ ತೆಗೆಯಿರಿ. ಆಹ್ವಾನ ಪತ್ರಿಕೆಯಲ್ಲೇ ಸಭೆಗೂ ನೃತ್ಯಕ್ಕೂ ನಡುವೆ ಹದಿನೈದು ನಿಮಿಷ ಬಿಡಿ.

ಆ ಹದಿನೈದು ನಿಮಿಷದಲ್ಲಿ ಮಾಡುವುದಿಷ್ಟು. ಮೊದಲು ಒಣ ಪೊರಕೆ. ಆಮೇಲೆ ಆಯಸ್ಕಾಂತ: ಹಳೆಯ ಸ್ಪೀಕರಿನದೊಂದಕ್ಕೆ ದಾರ ಕಟ್ಟಿ ನೆಲದ ಮೇಲೆ ಎಳೆದರೆ ಫ್ಲೆಕ್ಸ್ ಕಟ್ಟುವಾಗ ಉದುರಿದ ಸ್ಟೇಪ್ಲರ್ ಪಿನ್ನು, ಸಣ್ಣ ಮೊಳೆ, ಸೇಫ್ಟಿ ಪಿನ್ನು ಅಂಟಿಕೊಂಡು ಬರುತ್ತವೆ. ಪೊರಕೆಗೆ ಸಿಗದವು ಇವೇ. ಎಣ್ಣೆ ಬಿದ್ದ ಕಡೆ ನೀರು ಹಾಕಬೇಡಿ, ಅದು ಹರಡುತ್ತದೆ. ಕಡಲೆಹಿಟ್ಟನ್ನೋ ಸೀಗೆಪುಡಿಯನ್ನೋ ಉದುರಿಸಿ, ಎರಡು ನಿಮಿಷ ಬಿಟ್ಟು, ಒತ್ತಿ ಒರೆಸಿ, ಬಳಿಕ ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆ. ಕೊನೆಗೆ ಇಡೀ ವೇದಿಕೆಗೆ ಗಟ್ಟಿಯಾಗಿ ಹಿಂಡಿದ ಒದ್ದೆಬಟ್ಟೆ, ಹಿಂದೆಯೇ ಒಣಬಟ್ಟೆ. ಪರಿಮಳದ ಫಿನಾಯಿಲು, ಪಾಲಿಶ್ ಬೇಡವೇ ಬೇಡ, ಕಾಲು ಜಾರುತ್ತದೆ. ದೀಪದ ಕಂಬದ ಕೆಳಗೆ ಅಗಲವಾದ ತಟ್ಟೆ ಇಟ್ಟು, ವೇದಿಕೆಯ ಮೂಲೆಗೆ ಸರಿಸಿಬಿಟ್ಟರೆ ಅರ್ಧ ಕೆಲಸ ಕಡಿಮೆ. ಎಲ್ಲ ಮುಗಿದ ಮೇಲೆ ಸಂಘಟಕರಲ್ಲಿ ಒಬ್ಬರು ಬರಿಗಾಲಲ್ಲಿ ವೇದಿಕೆಯ ಉದ್ದಗಲ ಒಮ್ಮೆ ನಡೆದು ನೋಡಲಿ, ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ನೆಲ ಯಾವುದು ಎಂಬುದೂ ಮುಖ್ಯ. ಕಾಂಕ್ರೀಟಿನ ಮೇಲೆ ಟೈಲ್ಸ್ ಹಾಕಿದ ವೇದಿಕೆ ಪೆಟ್ಟನ್ನು ಹೀರುವುದಿಲ್ಲ, ಕಾಲಿಗೇ ಹಿಂತಿರುಗಿಸುತ್ತದೆ. ಅಂಥ ಕಡೆ ವಾರಗಟ್ಟಲೆ ತಟ್ಟಿದರೆ ಮಂಡಿಯಿಂದ ಕೆಳಗೆ ಕಾಲಿನ ಮುಂಭಾಗದ ಎಲುಬು ನೋಯಲು ಶುರುವಾಗಿ, ಕೂದಲೆಳೆಯಷ್ಟು ಬಿರುಕೂ ಬಿಡಬಹುದು. ಮೇಲೆ ಕಾರ್ಪೆಟ್ ಹಾಸುವುದು ಪರಿಹಾರವಲ್ಲ. ಭ್ರಮರಿಯಲ್ಲಿ ಅದು ಬೆರಳಿನ ಕೆಳಚರ್ಮವನ್ನು ಉಜ್ಜಿ ಸುಡುತ್ತದೆ, ಮುದುರಿ ಎಡವಿಸುತ್ತದೆ, ತಟ್ಟಿನ ಸದ್ದನ್ನೂ ನುಂಗುತ್ತದೆ. ಕೆಳಗೆ ಮರದ ರೀಪರ್ (ಉದ್ದನೆಯ ಪಟ್ಟಿ) ಇಟ್ಟು, ಮೇಲೆ 18 ಮಿ.ಮೀ. ಪ್ಲೈವುಡ್ ಹಾಸಿ. 8 ಅಡಿ ಉದ್ದ 4 ಅಡಿ ಅಗಲದ ಆರು ಹಲಗೆಗೆ 16 ಅಡಿ ಉದ್ದ 12 ಅಡಿ ಅಗಲದ ಜಾಗ ಸಿಗುತ್ತದೆ, ಒಬ್ಬರಿಗೆ ಧಾರಾಳ, ಮೂವರಿಗೆ ಸಾಕು. ರೀಪರಿನ ನಡುವೆ ಒಂದಡಿಗಿಂತ ಹೆಚ್ಚು ಅಂತರ ಬಿಟ್ಟರೆ ಹಲಗೆ ಜಗ್ಗುತ್ತದೆ. ಮೊಳೆ ಬೇಡ, ಸ್ಕ್ರೂ ಹಾಕಿ, ಅದರ ತಲೆ ಹಲಗೆಯೊಳಗೆ ಇಳಿಯಲಿ. ಸಂದುಗಳಿಗೆ ಬಟ್ಟೆಯ ಟೇಪು. ಪ್ಲಾಸ್ಟಿಕ್ ಟೇಪು ಬೆವರಿಗೆ ಜಾರುತ್ತದೆ.

ಶಾಸ್ತ್ರೀಯ ವೇದಿಕೆಗೆ ಇಷ್ಟು ಹೇಳಿ, ಬೀದಿಯಲ್ಲಿ ಕುಣಿಯುವವರನ್ನು ಮರೆತರೆ ಅನ್ಯಾಯ. ವೀರಗಾಸೆಯವರು ಗೆಜ್ಜೆ ಕಟ್ಟಿ ಬರಿಗಾಲಲ್ಲಿ ಕುಣಿಯುತ್ತಾರೆ. ವೀರಭದ್ರನ ಉತ್ಸವದಲ್ಲಿ ಕೆಂಡ ಹಾಯುವುದು ಅವರ ವ್ರತ, ಅವರ ಆಯ್ಕೆ. ಮಟಮಟ ಮಧ್ಯಾಹ್ನ ಟಾರು ರಸ್ತೆಯಲ್ಲಿ ಮೆರವಣಿಗೆ ಇಟ್ಟು ಅವರನ್ನು ಗಂಟೆಗಟ್ಟಲೆ ಕುಣಿಸುವುದು ಯಾರ ವ್ರತವೂ ಅಲ್ಲ. ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ಐದರ ಮೇಲೆ ಇಡಿ. ತಡವಾದರೆ ಮುಂದೆ ನೀರಿನ ಟ್ಯಾಂಕರ್ ಹೋಗಲಿ.

ಬರಿಗಾಲೊಂದೇ ಭಕ್ತಿಯ ಗುರುತು ಎಂದೂ ತಿಳಿಯಬಾರದು. ಬೈಲುಕುಪ್ಪೆಯ ಟಿಬೆಟನ್ ಮಠಗಳಲ್ಲಿ ಭಿಕ್ಷುಗಳು ಮುಖವಾಡ ತೊಟ್ಟು ಮಾಡುವ ಛಾಮ್ ಕೂಡ ಪೂಜೆಯೇ. ಅವರ ಕಾಲಲ್ಲಿ ಎತ್ತರದ ಬೂಟು ಇರುತ್ತದೆ. ಹಿಮದ ನಾಡಿನಿಂದ ಬಂದ ಕುಣಿತಕ್ಕೆ ಅದೇ ಸರಿ.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇವೆ.

ಕಾಲಿಗೆ ಗಾಯವಾಗಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಏನು ಮಾಡುವುದು ಎಂದು ಒಬ್ಬ ತಾಯಿ ಕೇಳಿದರು. ಸಣ್ಣ ಸೀಳಿಗೆ ತೊಳೆದು ಒಣಗಿಸಿ, ಚರ್ಮದ ಬಣ್ಣದ ಬಟ್ಟೆ ಟೇಪನ್ನು ಒಂದೇ ಪದರ ಸುತ್ತಿ ಕುಣಿಯಬಹುದು. ತುಕ್ಕಿನ ಮೊಳೆ ಹೊಕ್ಕಿದ್ದರೆ ಕುಣಿತ ನಿಲ್ಲಿಸಿ ಅವತ್ತೇ ಟಿಟಿ ಇಂಜೆಕ್ಷನ್ನಿಗೆ ಹೋಗಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ಚುಚ್ಚಿದ್ದೇ ತಿಳಿಯುವುದಿಲ್ಲ. ಅಂಥವರು ಮೆತ್ತನೆಯ, ತೆಳು ಅಟ್ಟೆಯ, ಒಳಾಂಗಣಕ್ಕಷ್ಟೇ ಮೀಸಲಿಟ್ಟ ಪಾದರಕ್ಷೆಯಲ್ಲಿ ಅಭ್ಯಾಸ ಮಾಡಲಿ. ಯಾವ ಗುರುವೂ ಬೇಡ ಅನ್ನಬಾರದು.

ಬೇಲೂರಿನಲ್ಲಿ ಫೋಟೋ ತೆಗೆಸಲು ಹೋದಾಗ ಅಂಗಳದ ಕಲ್ಲು ಸುಡುತ್ತದೆ, ಸಾಕ್ಸ್ ಹಾಕಬಹುದೇ ಎಂಬುದು ಇನ್ನೊಂದು ಪ್ರಶ್ನೆ. ನಡೆಯುವುದಕ್ಕೆ ಹಾಕಿ. ಶ್ರವಣಬೆಳಗೊಳದ ಬೆಟ್ಟ ಹತ್ತುವವರೂ ಬಿಸಿಲಿಗೆ ಅದನ್ನೇ ಮಾಡುತ್ತಾರೆ. ಭಂಗಿಗೆ ನಿಲ್ಲುವಾಗ ಬಿಚ್ಚಿ, ನೆರಳಿನ ಜಾಗ ನೋಡಿಕೊಳ್ಳಿ. ಕಲ್ಲಿನ ಮೇಲೆ ಹಾರುವುದು, ತಟ್ಟುವುದು ಬೇಡ, ನಿಲುವು ಮಾತ್ರ. ಚೂಪು ಗೆಜ್ಜೆಯನ್ನು ಕೆತ್ತನೆಯ ಕಂಬಕ್ಕೆ ಒರಗಿಸಬೇಡಿ, ಬಳಪದ ಕಲ್ಲು ಮೆದು, ಗೀರು ಬೀಳುತ್ತದೆ. ಬೆಳಿಗ್ಗೆ ಬಾಗಿಲು ತೆರೆದೊಡನೆ ಹೋದರೆ ಕಲ್ಲು ತಣ್ಣಗಿರುತ್ತದೆ, ಜನವೂ ಕಡಿಮೆ.